ಒಳಗೋಡೆಗೆ ಇಟ್ಟ ಪೆಟ್ಟಿಗೆ

ಈ ಕತೆಯನ್ನು ನನಗೆ ಮೊದಲು ಹೇಳಿದವರು ನಮ್ಮೂರ ಶಾಲೆಯಲ್ಲಿ ಮಾಸ್ತರರಾಗಿದ್ದ ನೀಲಕಂಠಯ್ಯನವರು. ಅವರು ಅದನ್ನು ತಮ್ಮ ಗುರುಗಳ ಎದುರು ಕೂತು ಕೇಳಿದವರು. ನಾನು ಕೂಡಿಸಿದ್ದು ಏನೂ ಇಲ್ಲ. ಬಿಟ್ಟದ್ದು ಇದ್ದರೆ ಅದು ನನ್ನ ಮರೆವು.

ಒಬ್ಬ ಶಿಷ್ಯ ಗುರುವಿನ ಬಳಿ ಬಂದ. ಸಂಸಾರಸ್ಥ. ಹೆಂಡತಿ ತೀರಿಕೊಂಡು ಇನ್ನೂ ತಿಂಗಳು ತುಂಬಿರಲಿಲ್ಲ. ಅವನು ಕೇಳಿದ:

“ಅಜ್ಜಾ, ಶಿವನ ನಾಮವನ್ನು ಚಿಕ್ಕಂದಿನಲ್ಲೇ ಎದೆಯೊಳಗೆ ಇಟ್ಟುಕೊಂಡವನು ನಾನು. ಉಳಿದದ್ದೆಲ್ಲ ಆಮೇಲೆ ಬಂದದ್ದು. ನನ್ನವಳು ಹೋಗುವ ಹೊತ್ತಿಗೆ ನನ್ನ ಕೈ ಹಿಡಿದು, ‘ಕಿವಿಯಲ್ಲಿ ನಾಮ ಹೇಳಿ’ ಎಂದಳು. ನನ್ನ ಬಾಯಿಗೆ ಬರಲಿಲ್ಲ. ಡಾಕ್ಟರರ ಮಾತು, ಮಗಳ ಮದುವೆ, ಹೊಲದ ಬದುವಿನ ತಂಟೆ, ಇವೇ ಅಡ್ಡಡ್ಡ ಬಂದವು. ಅವಳು ಕಾದು ಕಾದು ಹೋದಳು. ಎಲ್ಲಕ್ಕಿಂತ ಮೊದಲು ಇಟ್ಟುಕೊಂಡದ್ದು ಬೇಕಾದಾಗ ಕೈಗೆ ಏಕೆ ಸಿಗಲಿಲ್ಲ?”

ಗುರು ಅದಕ್ಕೆ ಒಂದು ಕತೆ ಹೇಳಿದರು.

ಒಂದು ಪೇಟೆಯಲ್ಲಿ ಒಬ್ಬ ಹಮಾಲನಿದ್ದ. ಊರೂರಿಗೆ ಪಾರ್ಸಲ್ ಒಯ್ಯುವ ಲಾರಿಗೆ ಮಾಲು ತುಂಬುವುದು ಅವನ ಕೆಲಸ. ಆ ಕೆಲಸಕ್ಕೆ ಒಂದು ಕ್ರಮವಿದೆ. ದಾರಿಯ ಕೊನೆಯ ಊರಿನ ಮಾಲು ಮೊದಲು ಒಳಗೆ ಹೋಗಬೇಕು. ಮೊದಲ ಊರಿನದು ಕೊನೆಗೆ, ಬಾಗಿಲ ಬಳಿ. ಭಾರದ್ದು ಕೆಳಗೆ, ಹಗುರದ್ದು ಮೇಲೆ. ನಡುವೆ ಒಬ್ಬ ಮನುಷ್ಯ ನುಸುಳುವಷ್ಟು ಓಣಿ ಬಿಡಬೇಕು. ಇಳಿಸುವಾಗ ಮೇಲಿನಿಂದಲೇ ಇಳಿಸಬೇಕು. ನಡುವಿನಿಂದ ಎಳೆದರೆ ಮಾಲು ಮೈಮೇಲೆ ಬರುತ್ತದೆ. ಹಮಾಲ ಇದನ್ನು ಎಷ್ಟೋ ಮಂದಿಗೆ ಕಲಿಸಿದ್ದ. ಅವನು ತುಂಬಿದ ಲಾರಿಯಲ್ಲಿ ಗಾಜು ಒಡೆದದ್ದಿಲ್ಲ.

ಆ ಪೇಟೆಯ ಹಮಾಲರಲ್ಲಿ ಒಂದು ನಡವಳಿಕೆ ಇತ್ತು. ದಿನದ ಮೊದಲ ಗಂಟಿಗೆ ವಿಭೂತಿ ಹಚ್ಚಿ, ಕೈಮುಗಿದು, ಲಾರಿಯ ಒಳಗೋಡೆಗೆ ತಾಗಿಸಿ ಇಡುತ್ತಿದ್ದರು. ಹಾಗೆ ಇಟ್ಟದ್ದನ್ನು ಅದರ ಊರು ಬರುವ ತನಕ ಅಲುಗಿಸುತ್ತಿರಲಿಲ್ಲ. ದಿನವೂ ಕೊನೆಯ ಊರಿನ ಗಂಟೇ ಮೊದಲು ಹೋಗುವುದರಿಂದ ಯಾರಿಗೂ ಅಡಚಣೆ ಆದದ್ದಿಲ್ಲ.

ಹಮಾಲನಿಗೆ ಒಬ್ಬ ಅಕ್ಕ. ತಾಯಿ ಸತ್ತ ಮೇಲೆ ಅವನನ್ನು ಸಾಕಿದವಳು ಅವಳೇ. ಲಾರಿಯ ದಾರಿಯಲ್ಲಿ ಮೊದಲು ಸಿಗುವ ಊರೇ ಅವಳದು. ಅವಳಿಗೆ ಉಬ್ಬಸ ಏರಿತು. ಅಲ್ಲಿಯ ಡಾಕ್ಟರ ಬಳಿ ಬೇಕಾದ ಔಷಧ ತೀರಿತ್ತು. ನಾಳೆ ಮಧ್ಯಾಹ್ನದೊಳಗೆ ಪೇಟೆಯಿಂದ ಬಂದರೆ ಉಳಿಯುತ್ತಾಳೆ ಎಂದು ಅವರು ಹೇಳಿ ಕಳಿಸಿದರು. ಹಮಾಲ ಔಷಧ ಕೊಂಡು ತಂದ. ಗಾಜಿನ ಸೀಸೆಗಳು, ಒಂದು ಪುಟ್ಟ ಪೆಟ್ಟಿಗೆ. ಆ ಊರಿಗೆ ಮರುದಿನ ಮಧ್ಯಾಹ್ನದ ತನಕ ಬಸ್ಸಿರಲಿಲ್ಲ. ಲಾರಿ ಬೆಳಗ್ಗೆ ಹೊರಡುವುದಿತ್ತು. ತಾನೂ ಜೊತೆಗೆ ಹೋಗುತ್ತೇನೆಂದ.

ಡ್ರೈವರ್ ಹರೆಯದವ. ಅವನು ಪೆಟ್ಟಿಗೆಯನ್ನು ನೋಡಿ, “ಕಾಕಾ, ಇದೇನು ಮಣ ಭಾರವೇ? ತೊಡೆಯ ಮೇಲಿಟ್ಟುಕೊಂಡು ನನ್ನ ಪಕ್ಕ ಕೂತುಬಿಡು” ಎಂದ.

“ನೀನು ಓಡಿಸುವ ಚೆಂದಕ್ಕೆ ನನ್ನ ಹಲ್ಲೇ ಉದುರುತ್ತವೆ. ಸೀಸೆ ಉಳಿಯುತ್ತವೆಯೇ? ಅಕ್ಕನ ಔಷಧ ಇದು. ಇವತ್ತಿನ ಮೊದಲ ಗಂಟು ಇದೇ.”

ಹಮಾಲ ಪೆಟ್ಟಿಗೆಗೆ ವಿಭೂತಿ ಹಚ್ಚಿದ. ಕೈಮುಗಿದ. ಒಳಗೋಡೆಗೆ ತಾಗಿಸಿ, ಎರಡು ಬಟ್ಟೆಯ ಮೂಟೆಗಳ ನಡುವೆ, ಅದುರು ತಾಗದಂತೆ ಇಟ್ಟ. ಓಣಿ ನೇರವಾಗಿ ಅದರ ಮುಂದೆ ಹೋಗಿ ಮುಟ್ಟುವಂತೆ ಉಳಿದ ಮಾಲು ತುಂಬಿದ. ಊರು ಬಂದ ಕೂಡಲೇ ನುಸುಳಿ ಹೋಗಿ ತಂದರಾಯಿತು ಎಂಬುದು ಅವನ ಎಣಿಕೆ.

ಹೊರಡುವ ಹೊತ್ತಿಗೆ ಲಾರಿಯ ಸಾಹುಕಾರ ಬಂದ. ಅವನ ಹಿಂದೆ ಕೈಗಾಡಿಗಳಲ್ಲಿ ಇನ್ನಷ್ಟು ಪೆಟ್ಟಿಗೆ ಬಂದವು. ಸಾಹುಕಾರ ಓಣಿಯನ್ನು ನೋಡಿದ.

“ಇದೇನಪ್ಪ, ಲಾರಿಯೋ, ನಿಮ್ಮ ಬೀಗರು ಓಡಾಡುವ ಪಡಸಾಲೆಯೋ? ಇವನ್ನೂ ತುಂಬು. ಸಂದಿಲ್ಲದೆ ತುಂಬುವುದರಲ್ಲಿ ನಿನ್ನ ಸಮ ಈ ಪೇಟೆಯಲ್ಲಿ ಯಾರಿದ್ದಾರೆ?”

ಆ ಮಾತಿಗೆ ಹಮಾಲನ ಮುಖ ಅರಳಿತು. ಓಣಿ ಬೇಕೆಂದು ಅವನು ಹೇಳಲಿಲ್ಲ.

“ಹಾಗಾದರೆ ಆ ಔಷಧ ತೆಗೆದು ಈಚೆ ಕೊಡು ಕಾಕಾ” ಎಂದ ಡ್ರೈವರ್.

ಹಮಾಲ ಒಳಗೆ ಹೋದ. ಪೆಟ್ಟಿಗೆಯ ಮೇಲೆ ಕೈ ಇಟ್ಟ. ವಿಭೂತಿ ಕಂಡಿತು. ಕೈ ಹಿಂದೆ ಬಂತು. “ಮೊದಲು ಇಟ್ಟದ್ದನ್ನು ಅಲುಗಿಸಬಾರದು. ಅದೂ ಅಕ್ಕನ ಹೆಸರಿನಲ್ಲಿ ಇಟ್ಟದ್ದು. ಅಲ್ಲಿಗೆ ಹೋದ ಮೇಲೆ ಇಳಿಸಿಕೊಳ್ಳೋಣ” ಎಂದ. ಹೊರಗೆ ಬರುತ್ತ ಬರುತ್ತ ತನ್ನ ಕೈಯಿಂದಲೇ ಓಣಿಯನ್ನು ತುಂಬಿದ. ತಳದಿಂದ ಸೂರಿನ ತನಕ ಬೆರಳು ತೂರದಂತೆ ತುಂಬಿದ. ಸಾಹುಕಾರ ಅವನ ಬೆನ್ನು ತಟ್ಟಿದ.

ಲಾರಿ ತಡವಾಗಲಿಲ್ಲ. ಬಿಸಿಲು ಏರುವ ಮೊದಲೇ ಅಕ್ಕನ ಮನೆಯ ಮುಂದೆ ನಿಂತಿತು. ಅಕ್ಕನ ಗಂಡ ಬೀದಿಯಲ್ಲೇ ಕಾಯುತ್ತಿದ್ದ.

“ಔಷಧ ತಂದೆಯಾ?”

“ತಂದಿದ್ದೇನೆ ಮಾವ. ಒಳಗಿದೆ.”

ಬಾಗಿಲು ತೆರೆದರು. ಎದುರಿಗೆ ಗೋಡೆ ಕಟ್ಟಿದಂತೆ ಮಾಲು ನಿಂತಿತ್ತು. ಮನೆಯೊಳಗಿನಿಂದ ಅಕ್ಕನ ಉಸಿರಿನ ಸದ್ದು ಬೀದಿಗೆ ಕೇಳುತ್ತಿತ್ತು. ಅವಳ ಗಂಡ ತಡೆಯಲಾರದೆ ನಡುವಿನ ಒಂದು ಪೆಟ್ಟಿಗೆಗೆ ಕೈ ಹಾಕಿ ಎಳೆದ. ಹಮಾಲ ಆ ಕೈ ಹಿಡಿದುಕೊಂಡ.

“ಬೇಡ ಮಾವ. ಮೇಲೆ ಬೀಳುತ್ತದೆ. ಮೇಲಿನಿಂದಲೇ ಇಳಿಸಬೇಕು.”

ಮೇಲಿನಿಂದಲೇ ಇಳಿಸಿದರು. ಕೇರಿಯವರು ಬಂದು ಸಾಲಾಗಿ ನಿಂತು ಕೈ ಕೊಟ್ಟರು. ಹಮಾಲ ತನ್ನ ಜನ್ಮದಲ್ಲಿ ಹಾಗೆ ಕೆಲಸ ಮಾಡಿರಲಿಲ್ಲ. ಒಂದು ಪೆಟ್ಟಿಗೆಯೂ ಉರುಳಲಿಲ್ಲ. ಒಬ್ಬರ ಕಾಲಿಗೂ ಪೆಟ್ಟಾಗಲಿಲ್ಲ. ಒಳಗೆ ಅಕ್ಕ ಕೇಳಿದಳು: “ತಮ್ಮ ಬಂದನೇ?”

“ಬಂದಿದ್ದಾನೆ. ಔಷಧ ಇಳಿಸುತ್ತಿದ್ದಾನೆ” ಎಂದರು ಹೆಂಗಸರು.

ಬೀದಿಯಲ್ಲಿ ಪೆಟ್ಟಿಗೆಗಳು ತುಂಬಿದವು. ಎದುರು ಮನೆಯ ಕಟ್ಟೆಯೂ ತುಂಬಿತು. ಬಿಸಿಲು ನೆತ್ತಿಗೇರಿತು. ಅಕ್ಕ ಮತ್ತೆ ಕೇಳಿದಳು: “ಅಷ್ಟು ದೊಡ್ಡ ಔಷಧವೇ?”

ಆಮೇಲೆ ಕೇಳಲಿಲ್ಲ.

ಹಮಾಲನ ಕೈ ಕೊನೆಗೆ ಒಳಗೋಡೆಯನ್ನು ಮುಟ್ಟಿತು. ಪೆಟ್ಟಿಗೆ ಇಟ್ಟಲ್ಲೇ ಇತ್ತು. ಒಂದು ಮೂಲೆಯೂ ನಲುಗಿರಲಿಲ್ಲ. ಒಂದು ಸೀಸೆಯೂ ಬಿರುಕು ಬಿಟ್ಟಿರಲಿಲ್ಲ. ವಿಭೂತಿ ಹಚ್ಚಿದ ಹಾಗೆಯೇ ಇತ್ತು. ಅದನ್ನು ಎದೆಗೆ ಅವಚಿಕೊಂಡು ಕೆಳಗೆ ಹಾರಿದ. ಮನೆಯ ಬಾಗಿಲಿಗೆ ಓಡಿದ. ಡಾಕ್ಟರು ಹೊಸ್ತಿಲಲ್ಲಿ ನಿಂತಿದ್ದರು. ಪೆಟ್ಟಿಗೆಯನ್ನು ನೋಡಿದರು. ಕೈ ಚಾಚಲಿಲ್ಲ. ಪಕ್ಕಕ್ಕೆ ಸರಿದು ದಾರಿ ಬಿಟ್ಟರು.

ಅಕ್ಕನನ್ನು ಮಣ್ಣು ಮಾಡಿದ ಮೇಲೆ ಲಾರಿ ಮುಂದಿನ ಊರುಗಳಿಗೆ ಹೋಗಲೇಬೇಕಿತ್ತು. ಬೀದಿಯಲ್ಲಿ ಹರಡಿದ ಮಾಲನ್ನು ಮತ್ತೆ ತುಂಬಬೇಕಿತ್ತು. ಬೇರೆಯವರು ತುಂಬುತ್ತೇವೆಂದರು. ಅವನು ಬಿಡಲಿಲ್ಲ. ತಾನೇ ತುಂಬಿದ. ಹಿಡಿಸದ ಪೆಟ್ಟಿಗೆಗಳನ್ನು ಎದುರು ಮನೆಯ ಕಟ್ಟೆಯ ಮೇಲೆಯೇ ಬಿಟ್ಟ. ಈ ಸಲ ಓಣಿ ಬಿಟ್ಟು ತುಂಬಿದ.

ಗುರು ಇಲ್ಲಿಗೆ ನಿಲ್ಲಿಸಿದರು. ಶಿಷ್ಯ ಮೆಲ್ಲಗೆ ಕೇಳಿದ:

“ಅಜ್ಜಾ, ಇನ್ನು ಮೇಲೆ ನಾಮವನ್ನು ಬಾಗಿಲ ಬಳಿಯೇ ಇಟ್ಟುಕೊಂಡರೆ?”

“ಇಟ್ಟುಕೋ ತಮ್ಮಾ, ಆ ಊರು ಮಾತ್ರ ಇನ್ನು ನಿನ್ನ ದಾರಿಯಲ್ಲಿ ಬರುವುದಿಲ್ಲ.”

ನೀಲಕಂಠಯ್ಯ ಮಾಸ್ತರರು ಇದನ್ನು ನನಗೆ ಹೇಳಿ, ಇನ್ನೊಬ್ಬರಿಗೆ ಹೇಳು ಎಂದಿದ್ದರು. ನಾನು ನಿಮಗೆ ಹೇಳಿದ್ದೇನೆ. ನೀವೂ ಒಬ್ಬರಿಗೆ ಹೇಳಿ. ಅವರ ಮನೆಯಲ್ಲಿ ಯಾರಾದರೂ ಇನ್ನೂ ಕಾಯುತ್ತಿರುವಾಗಲೇ ಹೇಳಿ.