ಮೇಣದ ಮೇಲಿನ ಹೆಬ್ಬೆಟ್ಟು

"ಮತ್ತೆ ಶುರುವಾಯಿತಲ್ಲ ನಿನ್ನ ರಾಗ! ಒಂದು ಮಾತನ್ನು ನೆಟ್ಟಗೆ ಕೇಳಲು ಬಿಡುತ್ತೀಯಾ ನೀನು?" ಎಂದು ದೇವೀರಿ ತೊಡೆಯ ಮೇಲಿನ ಮಗಳನ್ನು ಗದರಿಸಿದಳು. ಗುರುಗಳ ಮುಂದೆ ಕುಳಿತು ಅವಳು ಬಾಯಿ ತೆರೆದಾಗಲೆಲ್ಲ ಕೂಸು ಅವಳ ಮಣಿಸರ ಹಿಡಿದೆಳೆದು ಕೂಗುತ್ತಿತ್ತು.

"ಅದಕ್ಕೆ ಸರ ಕೊಡು, ನನಗೆ ಪ್ರಶ್ನೆ ಕೊಡು" ಎಂದರು ಗುರುಗಳು.

ದೇವೀರಿ ಸರ ಬಿಚ್ಚಿ ಕೂಸಿನ ಕೈಗಿಟ್ಟಳು.

"ಬುದ್ಧೀ, ಪತ್ರಿಕೆಯಲ್ಲಿ ಓದಿದೆ. ಒಬ್ಬ ಮನುಷ್ಯ ಹೊಸದೇನನ್ನೋ ಕಂಡುಹಿಡಿದರೆ, ಇಷ್ಟು ವರ್ಷ ಅದು ಇವನದೇ ಎಂದು ಸರ್ಕಾರ ಪೇಟೆಂಟ್ ಬರೆದುಕೊಡುತ್ತದೆ. ಯುದ್ಧ ಬಂದು ಅವನು ಶತ್ರುದೇಶದವನಾದರೆ ಅದೇ ಸರ್ಕಾರ ಅದನ್ನು ಕಿತ್ತುಕೊಂಡು ತನ್ನವರಿಗೆ ಹಂಚುತ್ತದಂತೆ. ಪಕ್ಕದ ಮನೆಯವಳ ಜೊತೆ ಜಗಳವಾಯಿತೆಂದು ನಾನು ಅವಳ ರುಬ್ಬುಗುಂಡು ಎತ್ತಿಕೊಂಡು ಬಂದರೆ ಊರೆಲ್ಲ ಕಳ್ಳಿ ಅನ್ನುತ್ತದೆ. ಸರ್ಕಾರವನ್ನು ಏನನ್ನಬೇಕು?"

ಗುರುಗಳು ಈ ಕತೆ ಹೇಳಿದರು.

ಒಂದು ಹೊಳೆ. ಅದರ ಆಚೆ ದಡ ಒಬ್ಬ ಅರಸನದು, ಈಚೆ ದಡ ಇನ್ನೊಬ್ಬನದು. ಅರಸರು ಇಬ್ಬರಾದರೂ ಜನ ಒಂದೇ ಎಂಬಂತೆ ಇದ್ದ ಕಾಲ ಅದು. ಆಚೆಯ ಹೆಣ್ಣನ್ನು ಈಚೆಗೆ ತರುತ್ತಿದ್ದರು, ಈಚೆಯ ಹೆಣ್ಣನ್ನು ಆಚೆಗೆ ಕೊಡುತ್ತಿದ್ದರು. ಹೀಗಾಗಿ ಹೊಳೆ ದಾಟಿ ಬಂದ ಗಂಡಸು ಯಾರೇ ಆಗಲಿ, ಈ ದಡದವರ ಬಾಯಲ್ಲಿ ಅವನು ಭಾವನೇ. ಭಾವ ಎಂದ ಮೇಲೆ ಚೇಷ್ಟೆ ಇದ್ದದ್ದೇ.

ಆಚೆ ದಡದಲ್ಲಿ ಒಬ್ಬ ಮೇಣದವನಿದ್ದ. ದೋಣಿಯ ಹಲಗೆಗಳ ಸಂದಿಗೆ ತುಂಬುವ ಒಂದು ಮೇಣವನ್ನು ಅವನು ಕಂಡುಹಿಡಿದ. ಅದನ್ನು ತುಂಬಿದ ದೋಣಿಗೆ ಹನಿ ನೀರೂ ಇಳಿಯುತ್ತಿರಲಿಲ್ಲ. ಈಚೆಯ ಅರಸ ಅವನನ್ನು ಕರೆಸಿ ಸನ್ನದು ಬರೆದುಕೊಟ್ಟ. ಹನ್ನೆರಡು ವರ್ಷ ಈ ರಾಜ್ಯದಲ್ಲಿ ನೀನಲ್ಲದೆ ಬೇರೆ ಯಾರೂ ಈ ಮೇಣ ಕಾಯಿಸಕೂಡದು. ಪ್ರತಿಯಾಗಿ ಕಾಯಿಸುವ ಕ್ರಮವನ್ನು ಅರಮನೆಯಲ್ಲಿ ಬರೆಸಿಡು. ಅವಧಿ ಮುಗಿದ ಮೇಲೆ ಅದು ಎಲ್ಲರದೂ ಆಗುತ್ತದೆ. ನಿನ್ನ ಪತ್ರಿಕೆಯವರು ಪೇಟೆಂಟ್ ಎನ್ನುವುದು ಇದನ್ನೇ, ತಾಯಿ.

ಮೇಣದವನು ಈಚೆ ದಡಕ್ಕೆ ಬಂದು ಒಬ್ಬ ಬಡಗಿಯ ಜೊತೆ ಸೇರಿದ. ಬಡಗಿ ದೋಣಿ ಕಟ್ಟುತ್ತಿದ್ದ, ಇವನು ಮೇಣ ತುಂಬುತ್ತಿದ್ದ. ಕೊನೆಯಲ್ಲಿ ಒಂದು ಉಂಡೆ ಮೇಣವನ್ನು ದೋಣಿಯ ಮೂತಿಗೆ ಮೆತ್ತಿ, ಅದು ಬೆಚ್ಚಗಿರುವಾಗಲೇ ತನ್ನ ಹೆಬ್ಬೆಟ್ಟು ಒತ್ತುತ್ತಿದ್ದ. ವರ್ಷವರ್ಷ ಸಂದಿಗೆ ಹೊಸ ಮೇಣ ಬಿದ್ದರೂ ಮೂತಿಯ ಉಂಡೆಯನ್ನು ಯಾರೂ ಮುಟ್ಟುತ್ತಿರಲಿಲ್ಲ. ದೋಣಿ ಹತ್ತುವ ಮಕ್ಕಳು ಆ ಕುಳಿಯಲ್ಲಿ ತಮ್ಮ ಹೆಬ್ಬೆಟ್ಟು ಇಟ್ಟು ನೋಡುತ್ತಿದ್ದರು. ಕುಳಿ ತುಂಬಿದ ದಿನ ತಾವು ದೊಡ್ಡವರಾದೆವು ಎಂದು ಅವರ ಲೆಕ್ಕ. ಆ ವರ್ಷಗಳಲ್ಲಿ ಈಚೆ ದಡದ ಮಕ್ಕಳೆಲ್ಲ ಹಾಗೆ ಅಳೆದುಕೊಂಡೇ ಬೆಳೆದರು.

"ದೋಣಿ ಕಟ್ಟಿದವನು ನಾನು. ಗುರುತು ನಿನ್ನದೇ ಯಾಕೆ, ಭಾವ?" ಎಂದು ಬಡಗಿ ರೇಗಿಸುತ್ತಿದ್ದ.

"ನಿನಗೆ ಮನೆ ತುಂಬ ಮಕ್ಕಳು. ಎಲ್ಲಕ್ಕೂ ನಿನ್ನದೇ ಮೂಗು. ನನಗೆ ಯಾರಿದ್ದಾರೆ? ನಾನು ಇದ್ದೆ ಅನ್ನುವುದಕ್ಕೆ ಈ ಹೆಬ್ಬೆಟ್ಟೊಂದೇ" ಎನ್ನುತ್ತಿದ್ದ ಮೇಣದವನು.

ಹೀಗೆ ಐದು ವರ್ಷ ಕಳೆಯಿತು. ಆಮೇಲೆ ಅರಸರಿಬ್ಬರಿಗೂ ಯುದ್ಧ ಹತ್ತಿತು. ಸಂಜೆಯೊಳಗೆ ಹೊಳೆ ದಾಟಿ ಹೋಗಬೇಕೆಂದು ಮೇಣದವನಿಗೆ ಅಪ್ಪಣೆಯಾಯಿತು. ಅವನು ಉರಿಯುತ್ತಿದ್ದ ಒಲೆಯನ್ನು ಹಾಗೆಯೇ ಬಿಟ್ಟು ಎದ್ದ. ಬಡಗಿಯೇ ಅವನನ್ನು ದಾಟಿಸಿದ. ಆ ದಿನ ಇಬ್ಬರೂ ಚೇಷ್ಟೆ ಮಾಡಲಿಲ್ಲ.

ಮುಂದಿನ ವರ್ಷ ಮಳೆ ಜೋರಾಯಿತು. ಹೊಳೆಯ ನಡುಗಡ್ಡೆಯಲ್ಲಿ ಅರವತ್ತು ಮನೆಗಳಿದ್ದವು. ನೀರು ಏರುತ್ತಿತ್ತು. ಮೇಣವಿಲ್ಲದೆ ದೋಣಿಗಳು ಸೋರುತ್ತಿದ್ದವು. ಅರಸನ ಅಧಿಕಾರಿ ಬಡಗಿಯ ಬಳಿಗೆ ಬಂದ. "ಶತ್ರುವಿನ ಸನ್ನದು ಈಗ ಅರಸರದು. ಕ್ರಮ ಇಲ್ಲಿದೆ. ನೀನು ಕಾಯಿಸು" ಎಂದ.

ಬಡಗಿ ಹೊಳೆಯ ಕಡೆ ನೋಡಿದ. ನಡುಗಡ್ಡೆಯ ಹೆಂಗಸರು ಮಕ್ಕಳನ್ನು ಹೆಗಲ ಮೇಲೆ ಹೊತ್ತು ನಿಂತಿದ್ದರು. ಅವನು ಮೇಣ ಕಾಯಿಸಿದ, ಸಂದಿಗಳನ್ನು ತುಂಬಿದ. ನಡುಗಡ್ಡೆಯವರು ಒಬ್ಬರೂ ಬಿಡದೆ ದಡ ಸೇರಿದರು.

ನೀರು ಇಳಿದ ಮೇಲೆ ಅಧಿಕಾರಿ ದೋಣಿಗಳನ್ನು ನೋಡಲು ಬಂದ. ಮೂತಿಯ ಮೇಲಿನ ಗುರುತು ಅವನ ಕಣ್ಣಿಗೆ ಬಿತ್ತು. "ನಮ್ಮ ದೋಣಿಯ ಮೇಲೆ ಶತ್ರುವಿನ ಹೆಬ್ಬೆಟ್ಟೇ? ಕರಗಿಸಿ ನಿನ್ನದನ್ನು ಒತ್ತು" ಎಂದ. ಸನ್ನದು ಕೈಬದಲಾದ ಮೇಲೆ ಇದು ಸಣ್ಣ ಮಾತು ಎಂದು ಬಡಗಿಗೂ ಅನ್ನಿಸಿತು. ಅಷ್ಟು ಮಂದಿಯನ್ನು ಉಳಿಸಿದ ಕೈ ತನ್ನದು ಎಂಬ ಹೆಮ್ಮೆಯೂ ಇತ್ತು. ಒಂದೊಂದೇ ದೋಣಿಯ ಮೂತಿಗೆ ಕೆಂಡ ಹಿಡಿದು, ಹಳೆಯ ಗುರುತನ್ನು ಕರಗಿಸಿ, ತನ್ನ ಹೆಬ್ಬೆಟ್ಟು ಒತ್ತುತ್ತ ಹೋದ.

ಇಲ್ಲಿ ಕೂಸು ಸರವನ್ನು ನೆಲಕ್ಕೆಸೆದು ಕೂಗಿತು. ದೇವೀರಿ ಅದನ್ನು ಹೆಕ್ಕಿ ಕೊಡುವ ತನಕ ಗುರುಗಳು ಕಾದರು. ಆಮೇಲೆ ಮುಂದುವರಿಸಿದರು.

ಯುದ್ಧ ಎಂಟು ವರ್ಷ ನಡೆದು ನಿಂತಿತು. ಮೇಣದವನು ಈಚೆಗೆ ಬಂದಾಗ ಅವನ ತಲೆ ಪೂರ್ತಿ ಬೆಳ್ಳಗಾಗಿತ್ತು. ಅರಸ ಮರ್ಯಾದೆಯಿಂದಲೇ ಮಾತನಾಡಿಸಿದ. "ನಿನ್ನ ಸನ್ನದನ್ನು ಹಿಂದಿರುಗಿಸುತ್ತೇನೆ. ಆದರೆ ಅದರ ಅವಧಿ ಕಳೆದ ವರ್ಷವೇ ಮುಗಿದಿದೆ" ಎಂದ.

"ಅವಧಿ ಮುಗಿದ ಮೇಲೆ ಎಲ್ಲರಿಗೂ ಸಿಗಲೆಂದೇ ಬರೆಸಿದ್ದೆ. ಅದರಲ್ಲಿ ದುಃಖವಿಲ್ಲ" ಎಂದು ಅವನು ಕೈಮುಗಿದು ಹೊಳೆಯ ಕಡೆ ನಡೆದ.

ದಡದಲ್ಲಿ ದೋಣಿಗಳು ಸಾಲಾಗಿ ನಿಂತಿದ್ದವು. ಅವನು ಮೊದಲನೆಯ ದೋಣಿಯ ಮೂತಿಯನ್ನು ತಡವಿ, ಕುಳಿಯಲ್ಲಿ ತನ್ನ ಹೆಬ್ಬೆಟ್ಟು ಇಟ್ಟ. ಹೊಂದಲಿಲ್ಲ. ಎರಡನೆಯದಕ್ಕೂ ಹೊಂದಲಿಲ್ಲ. ಬಟ್ಟೆ ಒಗೆಯುತ್ತಿದ್ದ ಒಬ್ಬ ಹುಡುಗಿಯನ್ನು, "ಇದು ಯಾರ ಮೇಣ, ಮಗಳೇ?" ಎಂದು ಕೇಳಿದ. "ಅಷ್ಟೂ ಗೊತ್ತಿಲ್ಲವೇ ತಾತ? ನಮ್ಮ ಬಡಗಿಯ ಮೇಣ" ಎಂದು ಅವಳು ನಕ್ಕಳು. ಅವಳು ಯುದ್ಧ ಶುರುವಾದ ವರ್ಷ ಹುಟ್ಟಿದವಳು.

ಸುದ್ದಿ ತಿಳಿದು ಬಡಗಿ ಓಡಿ ಬಂದ. ಇಬ್ಬರೂ ದೋಣಿಯ ಅಂಚಿನ ಮೇಲೆ ಕುಳಿತರು.

"ನಡುಗಡ್ಡೆಯವರು ಒಬ್ಬರೂ ಮುಳುಗಲಿಲ್ಲ, ಭಾವ" ಎಂದ ಬಡಗಿ.

"ಒಳ್ಳೆಯದಾಯಿತು. ನೀನು ದಡದಲ್ಲಿ ನಿಂತು ಒಂದು ಕೂಗು ಹಾಕಿದ್ದರೆ ಆಚೆಯಿಂದಲೇ ಹೂಂ ಅನ್ನುತ್ತಿದ್ದೆ."

ಬಡಗಿ ಎದ್ದು ಒಲೆ ಹೊತ್ತಿಸಿದ. ಬಿಸಿ ಮೇಣದ ಉಂಡೆಯನ್ನು ತಂದು ಮೂತಿಗೆ ಮೆತ್ತಿದ. "ಒತ್ತು, ಭಾವ. ನಿನ್ನ ಜಾಗ ಇದು" ಎಂದ.

ಮೇಣದವನು ಕೈ ಚಾಚಿದ. ಮೇಣದ ಬಿಸಿ ಬೆರಳಿಗೆ ತಾಗಿತು. ಹಾಗೆಯೇ ಕೈಯನ್ನು ಹಿಂದಕ್ಕೆ ತೆಗೆದುಕೊಂಡ.

"ಬೇಡ. ಈಗ ಒತ್ತಿದರೆ ಯಾರೋ ಹೊಸಬ ಬಂದಿದ್ದಾನೆ ಅಂದುಕೊಳ್ಳುತ್ತಾರೆ. ನನ್ನನ್ನು ಆಚೆ ದಡಕ್ಕೆ ಬಿಟ್ಟು ಬಾ."

ಬಡಗಿ ಅವನನ್ನು ದಾಟಿಸಿದ. ಹೊಳೆಯ ನಡುವೆ ಮೂತಿಯ ಮೇಲಿನ ಉಂಡೆ ಗುರುತಿಲ್ಲದೆ ಗಟ್ಟಿಯಾಯಿತು.

ಗುರುಗಳು ಕತೆ ನಿಲ್ಲಿಸಿದರು. ದೇವೀರಿ ಕಣ್ಣೊರೆಸಿಕೊಂಡಳು. ಆದರೆ ಒಪ್ಪಿಕೊಂಡು ಎದ್ದುಹೋಗುವವಳಲ್ಲ ಅವಳು.

"ಅಳಿಸಿದಿರಿ, ಸರಿ. ಆದರೆ ಬುದ್ಧೀ, ಕೂಸನ್ನು ಹೆಗಲ ಮೇಲೆ ಹೊತ್ತು ಕುತ್ತಿಗೆಮಟ್ಟ ನೀರಲ್ಲಿ ನಿಂತವಳು ಸನ್ನದು ಯಾರದು ಎಂದು ವಿಚಾರಿಸುತ್ತ ಕೂರಬೇಕಿತ್ತೇ? ನಾನಾಗಿದ್ದರೆ ಅರಸನ ಕೈಯಿಂದಲೇ ಕಿತ್ತುಕೊಂಡು ಕಾಯಿಸುತ್ತಿದ್ದೆ. ಮೇಣ ಇಲ್ಲದಿದ್ದರೆ ಅವರೆಲ್ಲ ಮುಳುಗುತ್ತಿದ್ದರಲ್ಲ!"

ಕೂಸು ನಿದ್ದೆ ಹೋಗಿತ್ತು. ಗುರುಗಳು ಅದರ ಮುಷ್ಟಿಯಿಂದ ಸರವನ್ನು ಮೆಲ್ಲಗೆ ಬಿಡಿಸಿ ತಾಯಿಗೆ ಕೊಡುತ್ತ ಕೇಳಿದರು:

"ಮುಳುಗುತ್ತಿದ್ದರು, ತಾಯಿ. ಆದರೆ ಆ ಹೆಬ್ಬೆಟ್ಟು ಅಲ್ಲೇ ಇದ್ದಿದ್ದರೆ ಯಾರು ಮುಳುಗುತ್ತಿದ್ದರು?"