ಕಪ್ಪು ಒಡಲಿನ ಮಡಕೆ

"ಗುರುಗಳೇ, ಹಿರಿಯರು ನಡೆದಂತೆಯೇ ನಡೆಯುತ್ತಿದ್ದೇನೆ. ಅವರು ಏಳುತ್ತಿದ್ದ ಹೊತ್ತಿಗೇ ಏಳುತ್ತೇನೆ, ಅವರು ಆಡಿದ ಮಾತನ್ನೇ ಆಡುತ್ತೇನೆ. ಆದರೂ ಮನಸ್ಸು ಒಂದು ಗಳಿಗೆ ನಿಲ್ಲುವುದಿಲ್ಲ. ಯಾಕೆ?" ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು:

ಒಬ್ಬ ಕುಂಬಾರನಿದ್ದ. ಕೆರೆಯಂಗಳದಲ್ಲಿ ಮಣ್ಣು ಅಗೆಯುವಾಗ ಅವನಿಗೆ ಒಂದು ಹಳೆಯ ಮಡಕೆ ಸಿಕ್ಕಿತು. ಹೊರಗೆ ಕೆಂಪು, ಒಳಗೆ ಕಪ್ಪು. ಯಾವ ಕಾಲದ್ದೋ, ಯಾರು ಮಾಡಿದ್ದೋ ಊರಿನಲ್ಲಿ ಯಾರಿಗೂ ತಿಳಿಯದು. ಅಷ್ಟು ಕಾಲ ನೆಲದೊಳಗಿದ್ದರೂ ಬೆರಳಿನಿಂದ ತಟ್ಟಿದರೆ ಕಂಚಿನಂತೆ ದನಿ ಕೊಡುತ್ತಿತ್ತು.

ಅಂದಿನಿಂದ ಕುಂಬಾರನಿಗೆ ತಾನು ಮಾಡಿದ ಮಡಕೆ ಹಿಡಿಸದಾಯಿತು. ಹಳೆಯದನ್ನು ತಿಗರಿಯ ಪಕ್ಕದಲ್ಲಿಟ್ಟುಕೊಂಡು ಅದರಂತೆಯೇ ಮಾಡತೊಡಗಿದ. ಒಮ್ಮೆ ಕಂಠ ದಪ್ಪವಾಯಿತು, ಒಡೆದ. ಒಮ್ಮೆ ಕಪ್ಪು ಕೂರಲಿಲ್ಲ, ಅದನ್ನೂ ಒಡೆದ. ಒಳಗೆ ಕಪ್ಪು ಹಿಡಿಯಲೆಂದು ಮಡಕೆಗಳನ್ನು ಬೋರಲು ಹಾಕಿ ಹೊಟ್ಟಿನಲ್ಲಿ ಹೂತು ಸುಟ್ಟ. ಉಣ್ಣುತ್ತಿದ್ದವನು ಎದ್ದು ಹೋಗಿ ಅಂಚು ಅಳೆದು ಬರುತ್ತಿದ್ದ.

"ಕುಂಬಾರನ ಕೈಹಿಡಿದು ನೆರೆಮನೆಯ ಕೊಡ ಎರವಲು ತರುವ ಹಾಗಾಯಿತು" ಎಂದಳು ಹೆಂಡತಿ. ಅದು ಅವನ ಕಿವಿಗೆ ಬೀಳಲಿಲ್ಲ.

ಆರು ವರ್ಷ ಹೀಗೇ ಹೋಯಿತು. ಕೊನೆಗೊಂದು ದಿನ ಮಡಕೆ ಸುಡುವ ಆವಿಗೆಯನ್ನು ತೆರೆದಾಗ ಹತ್ತು ಮಡಕೆಗಳು ಹಳೆಯದರಂತೆಯೇ ಬಂದಿದ್ದವು. ಹಳೆಯದನ್ನೂ ತೊಳೆದು ಅವುಗಳ ಸಾಲಿನಲ್ಲಿಟ್ಟು ನೋಡಿ ಹಿಗ್ಗಿದ. ಅವನು ಅತ್ತ ಹೋದಾಗ ಮಳೆ ಹನಿಯಿತು. ಹೆಂಡತಿ ಹನ್ನೊಂದನ್ನೂ ಒಳಗೆ ಸಾಗಿಸಿದಳು. ಬಂದು ನೋಡಿದರೆ ಹಳೆಯದು ಯಾವುದೆಂದು ಅವನಿಗೇ ಗೊತ್ತಾಗಲಿಲ್ಲ. ತಟ್ಟಿದ, ಅಳೆದ, ಬೆಳಕಿಗೆ ಹಿಡಿದ. ಎಲ್ಲವೂ ಒಂದೇ. ಬಯಸಿದ್ದು ಕೈಗೂಡಿತ್ತು, ಎದೆ ಮಾತ್ರ ಹೊಡೆದುಕೊಳ್ಳುತ್ತಿತ್ತು.

ಪಕ್ಕದ ಊರಿನಲ್ಲಿ ಒಬ್ಬಳು ಮುದುಕಿ ಇದ್ದಳು, ಬಾಳೆಲ್ಲ ಮಡಕೆ ತಟ್ಟಿದವಳು. ಅವಳನ್ನು ಕರೆತಂದ. ಅವಳು ಒಂದೊಂದರ ಒಳಗೂ ಕೈ ಹಾಕಿ ಸವರಿ, ಮೂಲೆಯಲ್ಲಿದ್ದ ಒಂದನ್ನು ಎತ್ತಿ ಅವನ ಕೈಗಿಟ್ಟಳು.

"ಹೇಗೆ ತಿಳಿಯಿತು, ಅಜ್ಜಿ?"

"ಉಳಿದವುಗಳಲ್ಲಿ ಕೈ ನಿಂತು ನಿಂತು ಹೋಗಿದೆ, ಮಗಾ. ಇದನ್ನು ಮಾಡಿದವನು ಪಕ್ಕಕ್ಕೆ ತಿರುಗಿ ನೋಡಲೇ ಇಲ್ಲ."

ಮರುದಿನ ಕುಂಬಾರ ಆ ಹಳೆಯ ಮಡಕೆಯನ್ನು ಮುದುಕಿಗೇ ಕೊಟ್ಟುಬಂದ. ತಿಗರಿಯ ಮುಂದೆ ಕೂತರೆ ಪಕ್ಕದಲ್ಲಿ ಏನೂ ಇಲ್ಲ. ಎರಡು ಸಲ ಎದ್ದು ಹೊರಗೆ ಹೋದ, ಎರಡು ಸಲವೂ ಮರಳಿ ಬಂದ. ಸಂಜೆಯ ಹೊತ್ತಿಗೆ ತಿಗರಿಯ ಮೇಲೆ ಒಂದು ಮಡಕೆ ಎದ್ದಿತ್ತು. ಅದನ್ನು ಅವನು ಒಡೆಯಲಿಲ್ಲ.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು. ಶಿಷ್ಯನಿಗೆ ತಡೆಯಲಾಗಲಿಲ್ಲ.

"ಆ ಮಡಕೆ ಹೇಗಿತ್ತು, ಗುರುಗಳೇ?"

"ಅದನ್ನೂ ನೋಡಿಕೊಂಡೇ ನಿನ್ನದನ್ನು ಮಾಡಬೇಕೇ?" ಎಂದರು ಗುರುಗಳು.