ಸಾವಂತ್ರವ್ವನ ಗಂಟಿನ ಅಂಗಿ

ಬಹಳ ಹಿಂದಿನ ಮಾತು. ಕೋಳಿ ಕೂಗದೆ ಬೆಳಗಾಯಿತೆಂದು ಯಾರೂ ನಂಬದಿದ್ದ ಕಾಲ. ಹಳ್ಳದ ದಂಡೆಯ ಮುತ್ತಲಹಾಳ ಎಂಬ ಊರಿನಲ್ಲಿ ಸಾವಂತ್ರವ್ವ ಅಂತ ಒಬ್ಬ ಬಣ್ಣಗಾರ ಹೆಂಗಸಿದ್ದಳಂತೆ. ನಾನು ನೋಡಿದವನಲ್ಲ, ಕೇಳಿದವನು.

ಬಿಳಿ ಅಂಗಿಯನ್ನು ಅಲ್ಲಲ್ಲಿ ಚಿವುಟಿ ಹಿಡಿದು, ಒಳಗೊಂದು ಜೋಳದ ಕಾಳಿಟ್ಟು, ದಾರ ಸುತ್ತಿ ಗಂಟು ಬಿಗಿಯುತ್ತಿದ್ದಳಂತೆ. ಆಮೇಲೆ ನೀಲಿ ಬಣ್ಣದ ಬಾನಿಯಲ್ಲಿ ಅದ್ದುತ್ತಿದ್ದಳಂತೆ. ಗಂಟಿನೊಳಗೆ ಬಣ್ಣ ಇಳಿಯುತ್ತಿರಲಿಲ್ಲ. ಒಣಗಿದ ಮೇಲೆ ಬಿಚ್ಚಿದರೆ ನೀಲಿಯ ಮೇಲೆ ಬಿಳಿ ಹೂ. ಕಾಳಿನ ಆಸೆಗೆ ಬಂದ ಗುಬ್ಬಿಗಳು ಅವಳ ಗಂಟು ಕುಕ್ಕಿ ಕುಕ್ಕಿ ಸೋತು ಹೋಗುತ್ತಿದ್ದವಂತೆ. ಇದನ್ನು ನಂಬುವವರು ನಂಬಿ.

ಅವಳ ಮನೆಯ ಪದ್ಧತಿ ಎರಡು. ಕಟ್ಟುವುದು ಬಣ್ಣಗಾರರ ಕೈ, ಬಿಚ್ಚುವುದು ತೊಡುವವರ ಕೈ. ಮತ್ತೆ, ಮೂರು ದಿನ ಒಣಗದೆ ಯಾವ ಗಂಟನ್ನೂ ಮುಟ್ಟುವಂತಿಲ್ಲ. ಮದುಮಗನೇ ಬಂದು ಬಾಗಿಲಲ್ಲಿ ಕುಂತರೂ ಅವಳು ಜಗ್ಗುತ್ತಿರಲಿಲ್ಲವಂತೆ.

ಗಂಡ ಭರಮಪ್ಪ ಹಳ್ಳದಿಂದ ನೀರು ಹೊರುವವನು, ಬಟ್ಟೆ ಹಿಂಡುವವನು. ಮೊಣಕೈವರೆಗೆ ನೀಲಿ, ಮೈಮೇಲೆ ಮಾತ್ರ ಬರೀ ಬಿಳಿ ಅಂಗಿ. ದೀಪದ ಬುಡದಲ್ಲಿ ಕತ್ತಲೆ ಅಂತ ಊರವರು ನಗುತ್ತಿದ್ದರು. ಪ್ರತಿ ಯುಗಾದಿಗೂ ಅವನು ತನಗೊಂದು ಹೂವಿನ ಅಂಗಿ ಕೇಳುವನಂತೆ. ಈ ಮದುವೆಯವರದು ಮುಗಿಯಲಿ ಅಂತ ಅವಳು ಹೇಳುವಳಂತೆ. ಊರಲ್ಲಿ ಮದುವೆ ಮುಗಿಯುವುದು ಎಂದಾದರೂ ಉಂಟೇ? ಅವನು ಜಗಳದ ಮನುಷ್ಯನಲ್ಲ, ನೀರು ಹೊರಲು ಹಳ್ಳಕ್ಕೆ ನಡೆಯುತ್ತಿದ್ದ.

ಹೀಗೆ ವರ್ಷಗಳು ಕಳೆದು ಅವನು ಜ್ವರದಲ್ಲಿ ಮಲಗಿದ. ಆಗ ಸಾವಂತ್ರವ್ವ ಊರವರ ಕೆಲಸವನ್ನೆಲ್ಲ ಬದಿಗೆ ತಳ್ಳಿ ಗಂಡನ ಅಂಗಿಗೆ ಕೂತಳು. ಹತ್ತು ಗಂಟು ಹಾಕಿದ್ದರೆ ಸಾಕಿತ್ತು. ಕಳೆದ ವರ್ಷಗಳನ್ನೆಲ್ಲ ಒಂದೇ ಅಂಗಿಯಲ್ಲಿ ತೀರಿಸುವ ಹಟ ಅವಳಿಗೆ. ಸಾವಿರ ಗಂಟು ಹಾಕಿದಳಂತೆ. ನನ್ನನ್ನು ಕೇಳಿದರೆ ಇನ್ನೂರಿದ್ದಾವು. ಇನ್ನೂರಾದರೂ ಹೆಚ್ಚೇ, ಕಾಯಿಲೆಯವನಿಗೆ.

ಕಟ್ಟುವುದರಲ್ಲೇ ಎಂಟು ದಿನ ಹೋಯಿತು. ಒಂಬತ್ತನೆಯ ದಿನ ಬಾನಿಯಿಂದ ಎತ್ತಿ ಹಗ್ಗಕ್ಕೆ ಹಾಕಿದಳು. ಹಾಸಿಗೆಯಲ್ಲಿದ್ದ ಭರಮಪ್ಪ ಕೈ ಚಾಚಿದನಂತೆ.

“ಒಂದರ ಬಿಚ್ಚತೀನಿ, ಕೊಡ. ನನ್ನ ಹೂವ ನೋಡತೀನಿ.”

“ಹಸಿ ಗಂಟು ಬಿಚ್ಚಬಾರದ್ರೀ, ಬಣ್ಣ ಹರದು ಹೂವ ಕೆಡತೈತಿ. ಇನ್ನ ಮೂರ ದಿನ ತಡೀರಿ.”

ಅವನು ಆಗಲಿ ಎಂದು ತಲೆಯಾಡಿಸಿದ. ಮರುದಿನ ಬೆಳಿಗ್ಗೆ ಅವನ ಉಸಿರು ನಿಂತಾಗ ಅಂಗಿಯಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತಂತೆ.

ಗಂಟು ಬಿಚ್ಚಿ ತೊಡಿಸೋಣ ಎಂದರು ನೆರೆಯವರು. ಬಿಚ್ಚಬೇಕಾದ ಕೈಯೇ ಇಲ್ಲವಲ್ಲ ಎಂದಳಂತೆ. ಗಂಟುಗಟ್ಟಿದ ಅಂಗಿಯನ್ನೇ ಅವನ ಎದೆಯ ಮೇಲಿಟ್ಟು ಕಳಿಸಿದರು. ಅದರಲ್ಲಿ ಎಂಥ ಹೂಗಳಿದ್ದವೋ, ಕಟ್ಟಿದವಳೂ ನೋಡಲಿಲ್ಲ.

ಆಮೇಲೂ ಅವಳು ಬಹಳ ಕಾಲ ಬದುಕಿದಳು, ಕೆಲಸವನ್ನೂ ಬಿಡಲಿಲ್ಲ. ಆದರೆ ಯಾರು ಹೊಗಳಿದರೂ ಅದೇ ಮಾತಂತೆ: “ಹೂವ ಕೆಟ್ಟಿದ್ರ ಕೆಡತಿತ್ತು. ಒಂದ ಗಂಟು ಬಿಚ್ಚಸಬೇಕಿತ್ತು ನಾ.”

ಈಗಲೂ ಮುತ್ತಲಹಾಳದಲ್ಲಿ ಅಂಗಿಗೆ ಗಂಟು ಕಟ್ಟಿ ಬಣ್ಣ ಹಾಕುತ್ತಾರೆ. ಅಂಗಡಿಯ ಪುಡಿ ತಂದು ಬಕೆಟ್ಟಿನಲ್ಲಿ ಕಲಸುವ ಮಕ್ಕಳೂ ಒಂದು ಪದ್ಧತಿ ಬಿಡುವುದಿಲ್ಲ. ಅದ್ದಿ ಎತ್ತಿದ ಕೂಡಲೇ ತೊಡುವವರನ್ನು ಕರೆದು ಒಂದು ಗಂಟು ಬಿಚ್ಚಿಸುತ್ತಾರೆ. ಬಣ್ಣ ಹರಿದು ಆ ಹೂ ಕೆಡುತ್ತದೆ. ಪರವೂರಿನವರು ಅದನ್ನು ನೋಡಿ ಕಲೆ ಬಿದ್ದಿದೆ ಎನ್ನುತ್ತಾರೆ, ಎನ್ನಲಿ. ಉಳಿದ ಗಂಟುಗಳಿಗೆ ಮೂರು ದಿನ ಕಾಯುತ್ತಾರೆ. ಆ ಒಂದಕ್ಕೆ ಮಾತ್ರ ಯಾರನ್ನೂ ಕಾಯಿಸುವುದಿಲ್ಲ.